ಇನ್ನೊಬ್ಬನ ಹೆಸರಿಗೆ ಬಂದ ಪತ್ರಗಳು

ಹೊಟ್ಟೆಕಿಚ್ಚು ದೊಡ್ಡವರ ಮೇಲೆ ಹುಟ್ಟಿದರೆ ಅದಕ್ಕೂ ಒಂದು ಮರ್ಯಾದೆ ಇರುತ್ತದೆ. ಮಂತ್ರಿಯ ಮೇಲೆ, ಸಾಹುಕಾರನ ಮೇಲೆ, ಹೋಗಲಿ, ನಮ್ಮ ಪ್ರಿನ್ಸಿಪಾಲರ ಮೇಲೆ ಹುಟ್ಟಿದ್ದರೂ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗಬಹುದಿತ್ತು. ನನಗೆ ಹುಟ್ಟಿದ್ದು ಅರಣ್ಯ ಇಲಾಖೆಯಲ್ಲಿ ದಿನಗೂಲಿಗಿದ್ದ ಒಬ್ಬ ವಾಚರ್ ಮೇಲೆ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಎಂ.ಎಸ್ಸಿ. ಮುಗಿಸಿ ಕೂಡ್ಲಿಗಿಯ ಕಾಲೇಜೊಂದರಲ್ಲಿ ಪಿಯುಸಿ ಹುಡುಗರಿಗೆ ಸಸ್ಯಶಾಸ್ತ್ರ ಹೇಳುತ್ತಿದ್ದವನು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಅದಕ್ಕೇ ಇಷ್ಟು ವರ್ಷ ಒಳಗೇ ಇಟ್ಟುಕೊಂಡೆ.

ತೊಂಬತ್ತರ ದಶಕದ ಕೊನೆಯ ಮಾತು. ಗುಡೇಕೋಟೆ ಕಡೆಯ ಗುಡ್ಡಗಳಿಗೆ ಬೆಂಗಳೂರಿನಿಂದ ಮೂವರು ತಜ್ಞರು ಬರುತ್ತಾರೆ, ಕುರುಚಲು ಕಾಡಿನಲ್ಲಿ ಏನೇನು ಉಳಿದಿದೆ ಅಂತ ನೋಡಿ, ಅದನ್ನು ಉಳಿಸುವ ದಾರಿ ಹುಡುಕುತ್ತಾರೆ ಅಂತ ಸುದ್ದಿ ಬಂತು. ಒಬ್ಬರು ಕರಡಿಯವರು, ಒಬ್ಬರು ಹಕ್ಕಿಯವರು, ಇನ್ನೊಬ್ಬರು ಗಿಡದವರು. ಗಿಡದವರು ಐವತ್ತು ದಾಟಿದ ಹೆಂಗಸು. ಅವರ ಲೇಖನಗಳನ್ನು ನಾನು ಎಂ.ಎಸ್ಸಿ. ಓದುವಾಗಲೇ ಓದಿದ್ದೆ. ನಮ್ಮ ಕಡೆಯ ಕಾಡನ್ನು ಕಾಡು ಅಂತ ಕರೆದವರೇ ಕಡಿಮೆ. ಬಂಡೆ, ಮುಳ್ಳು, ಬಿಸಿಲು, ನಡುವೆ ಕರಡಿ. ಇದಕ್ಕೆ ಕಾಡು ಅಂತಾರೇನು ಅಂತ ನಮ್ಮೂರಿನವರೇ ನಗುತ್ತಿದ್ದರು. ಹನ್ನೊಂದು ವರ್ಷ ರಜೆಯ ದಿನವೆಲ್ಲ ಆ ಮುಳ್ಳಿನಲ್ಲಿ ಅಲೆದು, ಎರಡು ಬೀರು ತುಂಬ ಒಣಗಿಸಿದ ಗಿಡಗಳ ಹಾಳೆ ಇಟ್ಟುಕೊಂಡವನು ಈ ಐದಾರು ತಾಲ್ಲೂಕಿನಲ್ಲಿ ನಾನೊಬ್ಬನೇ. ಹರಪನಹಳ್ಳಿ, ಹಡಗಲಿ ಕಾಲೇಜುಗಳಿಂದಲೂ ಪ್ರಾಕ್ಟಿಕಲ್ ಪರೀಕ್ಷೆ ಬಂತೆಂದರೆ ಮಾದರಿ ಕೊಡಿ ಅಂತ ನನ್ನ ಹತ್ತಿರವೇ ಬರುತ್ತಿದ್ದರು. ಆ ಗಿಡದ ಮೇಡಂ ಬಂದರೆ ನನ್ನನ್ನು ಬಿಟ್ಟು ಇನ್ಯಾರನ್ನು ಕೇಳುತ್ತಾರೆ ಅನ್ನುವ ಗರ್ವ ನನಗಿತ್ತು.

ಅವರು ಬಂದ ದಿನ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬೆಳಗಿನ ಆರಕ್ಕೇ ಪ್ರವಾಸಿ ಮಂದಿರದ ಗೇಟಿನಲ್ಲಿ ನಿಂತೆ. ಹೆಂಡತಿ ಮಂಡಕ್ಕಿ ಒಗ್ಗರಣೆ ಮಾಡಿ ಐದು ಜನಕ್ಕಾಗುವಷ್ಟು ಕಟ್ಟಿಕೊಟ್ಟಿದ್ದಳು. ಜೀಪು ಹತ್ತಿದ ಮೇಲೆ ದಾರಿಯುದ್ದಕ್ಕೂ ನನ್ನದೇ ಮಾತು. ಕಾಣುವ ಪ್ರತಿ ಗಿಡಕ್ಕೂ ಲ್ಯಾಟಿನ್ ಹೆಸರು ಹೇಳಿದೆ. ಮೇಡಂ "ಹೌದಾ, ಒಳ್ಳೇದು" ಅಂತ ಬರೆದುಕೊಳ್ಳುತ್ತಿದ್ದರು. ಗುಡ್ಡದ ಬುಡದಲ್ಲಿ ಇಲಾಖೆಯವರು ಕಳಿಸಿದ ವಾಚರ್ ನಿಂತಿದ್ದ. ನನ್ನದೇ ವಯಸ್ಸು, ತಲೆಗೊಂದು ಟವೆಲು, ಕೈಯಲ್ಲಿ ಕೋಲು. ದಾರಿ ತೋರಿಸಲಿಕ್ಕೆ ಅಂತ ಬಂದವನು. ಅವನು ದಾರಿಯನ್ನಷ್ಟೇ ತೋರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅರ್ಧ ಗುಡ್ಡ ಏರಿದ ಮೇಲೆ ಒಂದು ಪೊದೆಯ ಮುಂದೆ ನಿಂತು ನಾನು ಅದರ ಹೆಸರು, ಕುಟುಂಬ ಎಲ್ಲ ಹೇಳಿ ಮುಗಿಸಿದೆ. ವಾಚರ್ ಹಿಂದಿನಿಂದ ಮೆಲ್ಲಗೆ ಅಂದ: "ಇದು ಅದಲ್ರಿ ಮಾಸ್ತರ್ರ. ಅದರ ಹಣ್ಣು ಕರಡಿ ತಿಂತೈತಿ. ಇದನ್ನ ಮೂಸಿ ಬಿಟ್ಟು ಹೊಕ್ಕತಿ. ಬೇಕಾದ್ರ ಎಲಿ ಕಡದು ನೋಡ್ರಿ."

ಮೇಡಂ ಎಲೆ ಕಿತ್ತು ಕಡಿದರು. ಉಗುಳಿದರು. ಆಮೇಲೆ ನೋಟ್ ಬುಕ್ಕು ತೆಗೆದು ನಾನು ಹೇಳಿದ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಕರಡಿಯವರು ನಕ್ಕರು. ಅಲ್ಲಿಂದ ಮುಂದೆ ಮೇಡಂ ನಡೆದದ್ದು ಅವನ ಜೊತೆಗೆ. ನಾನು ಹಿಂದೆ, ಮಂಡಕ್ಕಿಯ ಚೀಲ ಹೊತ್ತುಕೊಂಡು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ನಡೆದದ್ದನ್ನೆಲ್ಲ ಹೇಳಿ, "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಅಂದಿಲ್ಲ" ಅಂದೆ. ನನ್ನ ಹೆಂಡತಿ ಹರಪನಹಳ್ಳಿಯವಳು, ಮಾತಿಗೆ ಸೋಲುವವಳಲ್ಲ. "ಆ ವಾಚರ್ ಏನು ದಾವಣಗೆರೆಯಿಂದ ಬಂದಾನೇನ್ರಿ? ಅವ್ನು ನಿಮಗಿಂತ ಹಿತ್ತಲಾಗೆ ಅದಾನೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಕೈಕಾಲು ತೊಳ್ಕೊಂಡು ಬರ್ರಿ" ಅಂದಳು.

ಅಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ತಿಂಗಳಾದ ಮೇಲೆ ಕಾಲೇಜಿನ ವಿಳಾಸಕ್ಕೆ ಮೇಡಂ ಕೈಬರಹದ ಇನ್‌ಲ್ಯಾಂಡ್ ಲೆಟರ್ ಬಂತು. ನನಗೇ ಬಂತು ಅಂದುಕೊಂಡೆ. ತಿರುಗಿಸಿ ನೋಡಿದರೆ ವಾಚರ್ ಹೆಸರು, ಅದರ ಕೆಳಗೆ ಕೇರಾಫ್ ಅಂತ ನನ್ನ ಹೆಸರು. ಅವನ ಹಳ್ಳಿಗೆ ಟಪಾಲು ಸರಿಯಾಗಿ ಹೋಗುವುದಿಲ್ಲ, ಹೋದರೂ ಓದುವವರಿಲ್ಲ. ಅದಕ್ಕೆ ಈ ಏರ್ಪಾಡು. ಇಬ್ಬರೂ ಗುಡ್ಡದ ಮೇಲೇ ಇದನ್ನು ಮಾತಾಡಿಕೊಂಡಿದ್ದರಂತೆ. ನನ್ನನ್ನು ಕೇಳಿರಲಿಲ್ಲ. ಅವನು ವಾರಕ್ಕೋ ಹದಿನೈದು ದಿನಕ್ಕೋ ಕೂಡ್ಲಿಗಿಯ ಕಚೇರಿಗೆ ಬಂದಾಗ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂರುವನು. ನಾನು ಪತ್ರ ಒಡೆದು ಓದುವುದು. ಅವನು ಹೇಳಿದ್ದನ್ನು ಬರೆದು ಟಪಾಲಿಗೆ ಹಾಕುವುದು. ಎರಡೂವರೆ ವರ್ಷ ಈ ಕೆಲಸ ಮಾಡಿದೆ.

ಮೇಡಂ ಅವನಿಗೆ ನೀವು, ತಾವು ಅಂತ ಬರೆಯುತ್ತಿದ್ದರು. "ನಿಮ್ಮಿಂದ ಕಲಿತದ್ದನ್ನು ಇಲ್ಲಿ ನಮ್ಮ ಹುಡುಗರಿಗೆ ಹೇಳಿದೆ" ಅಂತ ಒಮ್ಮೆ ಬರೆದಿದ್ದರು. ಅದನ್ನು ನಾನು ನನ್ನ ಬಾಯಿಂದ, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಓದಿ ಹೇಳಬೇಕು. ಪತ್ರದ ಕೊನೆಗೆ, ಜಾಗ ಉಳಿದಿದ್ದರೆ, "ಮೇಷ್ಟ್ರಿಗೆ ನಮಸ್ಕಾರ" ಅಂತ ಎರಡೇ ಪದ. ನಾನು ನನ್ನ ಹಾಳೆಗಳ ಪಟ್ಟಿ ಮಾಡಿ ಮೇಡಂಗೆ ಮೂರು ಸಲ ಕಳಿಸಿದ್ದೆ. ಒಂದಕ್ಕೆ ಮಾತ್ರ ಒಂದು ಸಾಲಿನ ಕಾರ್ಡು ಬಂತು, ತಲುಪಿತು ಅಂತ.

ಒಂದು ಸಣ್ಣತನವನ್ನು ಈಗಲೇ ಹೇಳಿಬಿಡುತ್ತೇನೆ, ದೊಡ್ಡದು ಮುಂದಿದೆ. ಅವನು "ಕರಡಿ ಹೆಜ್ಜಿ ನೋಡಿದೆ ಅಂತ ಬರೀರಿ" ಅಂದರೆ ನಾನು "ನಾವು ನೋಡಿದೆವು" ಅಂತ ಬರೆಯುತ್ತಿದ್ದೆ. "ಆ ಗಿಡ ಮತ್ತ ಚಿಗತೈತಿ" ಅಂದರೆ "ಆ ಗಿಡ ಮತ್ತೆ ಚಿಗುರಿರುವುದನ್ನು ನಾವು ಗಮನಿಸಿದೆವು" ಅಂತ. ಮುಂದಿನ ಪತ್ರದಲ್ಲಿ ಮೇಡಂ ಕೇಳಿದ್ದರು: "ನಿಮ್ಮ ಜೊತೆ ಗುಡ್ಡಕ್ಕೆ ಇನ್ನು ಯಾರು ಬರುತ್ತಾರೆ?" ಅದನ್ನೂ ಓದಿ ಹೇಳಿದೆ. ಅವನು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, "ಯಾರೂ ಇಲ್ಲಂತ ಬರೀರಿ. ನಾನೊಬ್ಬನ ಅದೀನಿ" ಅಂದ. ಬರೆದೆ.

ಅಷ್ಟರಲ್ಲಿ ಒಂದು ಗಿಡದ ಮಾತು ಪತ್ರಗಳಲ್ಲಿ ಮತ್ತೆ ಮತ್ತೆ ಬರತೊಡಗಿತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆಯುವ ಯೋಗ್ಯತೆಯನ್ನು ಕಳೆದುಕೊಂಡಿದ್ದೇನೆ. ಬೇಸಿಗೆಯಲ್ಲಿ ಮಣ್ಣೊಳಗೆ ಗೆಡ್ಡೆಯಾಗಿ ಮಲಗಿದ್ದು, ಮಳೆ ಬಿದ್ದರೆ ದಾರದಷ್ಟು ಸಣ್ಣ ಬಳ್ಳಿಯಾಗಿ ಏಳುವ ಜಾತಿ. ಕುರಿ ಕಾಯುವವರು ಇಂಥ ಗೆಡ್ಡೆ ಕಂಡರೆ ಅಗೆದು ತಿನ್ನುತ್ತಾರೆ, ಅದಕ್ಕೇ ಇವು ಅಪರೂಪವಾಗಿದ್ದವು. ವಾಚರ್ ಕಂಡದ್ದು, ಆಮೇಲೊಮ್ಮೆ ಮೇಡಂ ಒಬ್ಬರೇ ಬಂದಾಗ ತೋರಿಸಿದ್ದು, ಅವರಿಗೂ ಗೊತ್ತಿಲ್ಲದ ಬಗೆ. ಎಲೆ ನೋಡಿ ಹೇಳಲು ಬರುವುದಿಲ್ಲ, ಹೂವು ಬೇಕು. ಎರಡು ವರ್ಷ ಅದು ಹೂ ಬಿಡದೆ ಒಣಗಿತ್ತು. ಮೇಡಂ ಬರೆದಿದ್ದರು: "ನಾವು ನೋಡಿದ್ದು ಅದೊಂದೇ ಗಿಡ. ಹೂ ಬಿಟ್ಟರೆ ನಾನು ಕ್ಯಾಮೆರಾ ತಗೊಂಡು ಬರ್ತೀನಿ, ಮುಟ್ಟೋದು ಬೇಡ. ಕಾಯಿ ಕಟ್ಟಿ ಬೀಜ ಬಂದರೆ ಅದನ್ನು ಹೆಚ್ಚಿಸಬಹುದು. ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ."

ಯಾರಿಗೂ ಹೇಳಬೇಡಿ ಅಂತ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದವನು ನಾನು. ಓದುವವನೂ ಒಬ್ಬ ಮನುಷ್ಯ ಅಂತ ಮೇಡಂಗೆ ಹೊಳೆದೇ ಇರಲಿಲ್ಲ. ನಾನು ವಾಚರ್‌ನ ಕನ್ನಡಕವಾಗಿದ್ದೆ, ಅಷ್ಟೇ.

ಮೂರನೆಯ ಮಳೆಗಾಲ, ಶ್ರಾವಣದಲ್ಲಿ ಒಂದು ಗುರುವಾರ ಅವನು ಬಂದ. ಕಟ್ಟೆಯ ಮೇಲೆ ಕೂರಲೂ ಇಲ್ಲ.

"ಬರೀರಿ ಮಾಸ್ತರ್ರ. ಮೊಗ್ಗಿ ಬಂದಾವು. ಮೂರು ಅದಾವು. ಒಂದು ವಾರದಾಗ ಅರಳ್ತಾವು, ಲಗೂನ ಬರ್ರಿ ಅಂತ ಬರೀರಿ."

"ಎಲ್ಲೈತಿ ಅದು?" ಅಂದೆ, ಪೆನ್ನಿನ ಕಡೆ ನೋಡುತ್ತಾ.

ಅವನು ಹೇಳಿದ. ಪತ್ರಕ್ಕೆ ಬೇಕು ಅಂದುಕೊಂಡು ಹೇಳಿದನೋ, ನನ್ನ ಮೇಲಿನ ನಂಬಿಕೆಯಿಂದ ಹೇಳಿದನೋ ಗೊತ್ತಿಲ್ಲ. ಕರಡಿ ಗವಿಯ ಮೇಲಿನ ಜೋಡುಬಂಡೆ, ಅದರ ಬಡಗಣ ಮಗ್ಗುಲು, ಮುಳ್ಳು ಹೊಚ್ಚಿದ್ದೀನಿ ಅಂತ. ಜಾಗವನ್ನು ನಾನು ಪತ್ರದಲ್ಲಿ ಬರೆಯಲಿಲ್ಲ. ಪತ್ರವನ್ನು ಟಪಾಲಿಗೂ ಹಾಕಲಿಲ್ಲ. ಶುಕ್ರವಾರ ಚೀಲದಲ್ಲೇ ಇತ್ತು. ಶನಿವಾರವೂ ಇತ್ತು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಗುಡೇಕೋಟೆಗೆ ಹೋದೆ.

ಅವತ್ತು ಅವನು ಕೆಳಗಿನ ಕೆರೆಯ ಕಡೆ ಇರುತ್ತಾನೆ ಅಂತ ಅವನೇ ಹೇಳಿದ್ದ. ನಾನು ನೋಡಿಕೊಂಡು ಬರಲಿಕ್ಕೆ ಹೋದದ್ದು. ಆದರೆ ಚೀಲದಲ್ಲಿ ಅಗೆಯುವ ಕುರ್ಪಿ ಇತ್ತು, ಹಳೆಯ ಪೇಪರೂ ಇತ್ತು.

ಜೋಡುಬಂಡೆ ಸಿಕ್ಕಿತು. ಬಳ್ಳಿಯ ಸುತ್ತ ಮುಷ್ಟಿಗಾತ್ರದ ಕಲ್ಲುಗಳನ್ನು ದುಂಡಗೆ ಜೋಡಿಸಿದ್ದ. ಅದರಾಚೆ ಜಾಲಿಮುಳ್ಳು ಹೊಚ್ಚಿದ್ದ. ಬಳ್ಳಿ ಏರಲಿ ಅಂತ ಒಂದು ಕಡ್ಡಿ ನೆಟ್ಟು, ತನ್ನ ಟವೆಲಿನ ಅಂಚಿನಿಂದ ಎಳೆದ ನೂಲಿನಲ್ಲಿ ಸಡಿಲವಾಗಿ ಕಟ್ಟಿದ್ದ. ಒಂದು ಹೂ ಅರಳಿತ್ತು. ಕೆಳಗೆ ಪುಟ್ಟ ಹೂಜಿಯ ಹೊಟ್ಟೆ, ಮೇಲೆ ಸಣ್ಣ ಕೊಳವೆ, ತುದಿಯಲ್ಲಿ ಐದು ಎಸಳು ಕೂಡಿ ಲಾಟೀನಿನ ಪಂಜರದ ಹಾಗೆ. ನನ್ನ ಪುಸ್ತಕಗಳಲ್ಲಿ ಅಂಥದ್ದು ಇರಲಿಲ್ಲ. ನಿಜ ಹೇಳುತ್ತೇನೆ, ಹೂ ನೋಡಿದಾಗ ನನ್ನ ಕಣ್ಣು ತುಂಬಿತು. ನಾನು ಬರಿಯ ಕೆಟ್ಟವನಾಗಿದ್ದರೆ ಇದು ಸುಲಭವಿತ್ತು.

ಆ ನೂಲನ್ನು ನೋಡಿದೆ ನೋಡಿ, ಅಲ್ಲಿ ಕೆಟ್ಟಿತು. ಹನ್ನೊಂದು ವರ್ಷ ಅಲೆದ ನನಗೆ ಕಾಣದೆ ಇದು ಅವನಿಗೆ ಕಂಡಿತಲ್ಲ. ಮೇಡಂ ನಾಳೆ ಬಂದು ಇದರ ಮುಂದೆ ಮೊಣಕಾಲೂರಿ ಕೂತಾಗ ಪಕ್ಕದಲ್ಲಿ ಅವನಿರುತ್ತಾನಲ್ಲ. ನಾನು ಹಿಂದೆ ನಿಂತಿರುತ್ತೇನೆ, ಕರೆದರೆ. ಒಂದು ಇದ್ದಲ್ಲಿ ಹತ್ತು ಇರುತ್ತವೆ ಅಂತ ನಮ್ಮ ಗುರುಗಳು ಹೇಳುತ್ತಿದ್ದ ಮಾತು ಆ ಹೊತ್ತಿಗೆ ಚೆನ್ನಾಗಿ ನೆನಪಾಯಿತು. ಬೇರು, ಎಲೆ, ಹೂ ಮೂರೂ ಇಲ್ಲದ ಮಾದರಿ ಮಾದರಿಯೇ ಅಲ್ಲ ಅಂತ ನಾನೇ ಪ್ರತಿ ವರ್ಷ ಹುಡುಗರಿಗೆ ಹೇಳುತ್ತಿದ್ದೆ. ಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟೆ. ಕಲ್ಲುಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟೆ. ಬೇರು ತುಂಡಾಗದ ಹಾಗೆ ಸುತ್ತಲೂ ಅಗೆದೆ. ನಿಂಬೆಹಣ್ಣಿನಷ್ಟು ಗೆಡ್ಡೆ ಬಂತು. ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದೆ ಅಂತ ನನಗೇ ಹೆಮ್ಮೆಯಾಯಿತು.

ಮನೆಗೆ ಬಂದು ಪದ್ಧತಿಯ ಪ್ರಕಾರ ಎಲ್ಲ ಮಾಡಿದೆ. ಎಲೆಗಳನ್ನು ಬಿಡಿಸಿ ಹರಡಿದೆ. ಗೆಡ್ಡೆ ದಪ್ಪವಿದ್ದರೆ ಒಣಗುವುದಿಲ್ಲ, ಕೊಳೆಯುತ್ತದೆ; ಅದನ್ನು ಬ್ಲೇಡಿನಲ್ಲಿ ತೆಳ್ಳಗೆ ಹೋಳು ಮಾಡಿ ಪೇಪರಿನ ನಡುವೆ ಇಟ್ಟು, ಎರಡು ಹಲಗೆಯ ನಡುವೆ ಬಿಗಿದು ಮೇಲೆ ಒರಳುಕಲ್ಲು ಹೇರಿದೆ. ಚೀಟಿಯ ಮೇಲೆ ಸಂಗ್ರಹಿಸಿದವರು ಅನ್ನುವಲ್ಲಿ ನನ್ನ ಹೆಸರು. ಸ್ಥಳ ಅನ್ನುವಲ್ಲಿ ಗುಡೇಕೋಟೆ ಅಂತ ಬರೆಯಲಾಗಲಿಲ್ಲ. ಚಿಗಟೇರಿ ಹತ್ತಿರದ ಗುಡ್ಡ ಅಂತ ಬರೆದೆ. ನಮ್ಮ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ಸುಳ್ಳು ಊರು ಬರೆದ ಹಾಳೆಯನ್ನು ನಂಬಿ ಮುಂದಿನವರು ಆ ಗಿಡವನ್ನು ಇಲ್ಲದ ಗುಡ್ಡದಲ್ಲಿ ಹುಡುಕುತ್ತಾರೆ. ತಿಂಗಳು ಬಿಟ್ಟು ಮೇಡಂಗೆ ಕಳಿಸುವುದು, ಆಗ ಅವರೇ ನನಗೆ ಪತ್ರ ಬರೆಯುತ್ತಾರೆ, ನನ್ನ ಹೆಸರಿಗೇ ಬರೆಯುತ್ತಾರೆ ಅಂತ ಲೆಕ್ಕ. ಸೋಮವಾರ ವಾಚರ್‌ನ ಪತ್ರವನ್ನೂ ಟಪಾಲಿಗೆ ಹಾಕಿದೆ.

ಬುಧವಾರ ಸಂಜೆ ಅವನು ಬಂದ. ಕೈಯಲ್ಲೊಂದು ಡಾಲ್ಡಾ ಡಬ್ಬಿ, ತುಂಬ ಮಣ್ಣು. ಹೆಗಲ ಮೇಲೆ ಒದ್ದೆ ಮಾಡಿದ ಗೋಣಿತುಂಡು, ನೀರು ಬೆನ್ನಿಗೆಲ್ಲ ಇಳಿದಿತ್ತು.

"ಗಿಡ ಇಲ್ರಿ" ಅಂದ.

"ಹಂದಿ ಅಗದಿರಬೇಕು" ಅಂದೆ. ಅವನು ಏನು ಎತ್ತ ಹೇಳುವ ಮೊದಲೇ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು.

ಅವನು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. "ಹಂದಿ ಮುಳ್ಳು ತಗದು ಮಗ್ಗಲಕ್ಕ ಇಡಂಗಿಲ್ರಿ ಮಾಸ್ತರ್ರ. ಕಲ್ಲು ಸಾಲಾಗಿ ಹೊಂದಸಂಗಿಲ್ಲ. ಆ ಜಾಗ ನನಗ, ಮೇಡಂಗ, ನಿಮಗ, ಮೂವರಿಗೇ ಗೊತ್ತಿದ್ದುದು." ಆಮೇಲೆ ದನಿ ಇಳಿಸಿ, "ಇರ್ಲಿ. ಆಗಿದ್ದು ಆತು. ಗೆಡ್ಡಿ ಐತಲ್ರಿ? ಎಲಿ ಹೋದ್ರೂ ಗೆಡ್ಡಿ ಬದುಕತೈತಿ. ಕೊಡ್ರಿ, ಈಗಿಂದೀಗ ಊಣ್ತೀನಿ. ಮಣ್ಣು ಅಲ್ಲೀದ ತಂದೀನಿ. ನಾನು ಯಾರಿಗೂ ಹೇಳಂಗಿಲ್ಲ."

ಅವನು ಜಗಳಕ್ಕೆ ಬಂದಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವನು ಗೆಡ್ಡೆ ಕೇಳಲು ಬಂದಿದ್ದ. ನಾಲ್ಕು ದಿನವಾದರೂ ಬದುಕಿರುತ್ತದೆ ಅಂತ ಅವನಿಗೆ ಗೊತ್ತಿತ್ತು. ನನಗೂ ಗೊತ್ತಿರಬೇಕಿತ್ತು, ಅದು ನನ್ನ ಪಾಠದಲ್ಲೇ ಇದೆ. ಒಳಗೆ ಹೋಗಿ ಒರಳುಕಲ್ಲು ಇಳಿಸಿ, ಪೇಪರು ಸಮೇತ ತಂದು ಅವನ ಮುಂದೆ ಬಿಚ್ಚಿದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಅವನು ಹೋಳುಗಳನ್ನು ಬೆರಳಲ್ಲಿ ಒಂದೊಂದಾಗಿ ಮುಟ್ಟಿದ. "ಉಳ್ಳಾಗಡ್ಡಿ ಹೆಚ್ಚಿದಂಗ ಹೆಚ್ಚೀರಲ್ರಿ" ಅಂದ.

"ಪದ್ಧತಿ ಹಂಗೈತಿ" ಅಂದೆ.

ಅವನು ಡಬ್ಬಿಯ ಮಣ್ಣನ್ನು ನಮ್ಮ ಅಂಗಳದಲ್ಲಿ ಸುರಿಯಲಿಲ್ಲ, ಹಾಗೇ ಪಕ್ಕಕ್ಕಿಟ್ಟುಕೊಂಡ. ಟವೆಲಿನಿಂದ ಮುಖ ಒರೆಸಿಕೊಂಡ, ಕಟ್ಟೆಯ ಮೇಲೆ ಕೂತ. "ಬರೀರಿ" ಅಂದ.

"ಏನಂತ?"

"ಕಾಡಹಂದಿ ಅಗದು ತಿಂದೈತಿ ಅಂತ. ನಾನು ಬರೋಬ್ಬರಿ ಕಾಯಲಿಲ್ಲ, ತಪ್ಪು ನಂದೈತಿ ಅಂತ."

"ಯಾಕಪಾ ಹಂಗ ಬರೀಬೇಕು?"

"ಮತ್ತೇನಂತ ಬರಸ್ಲಿ? ನೀವು ಕಿತ್ತೀರಿ ಅಂದ್ರ ಈ ಕಡಿ ಮಂದೀನ ಮೇಡಂ ಇನ್ನ ನಂಬಂಗಿಲ್ಲ. ಬರಾದು ಬಿಟ್ರ? ಗುಡ್ಡದಾಗ ಇನ್ನೂ ಎಷ್ಟೋ ಐತ್ರಿ ಕಾಯಾದು."

ನಾನು ಬರೆದೆ. ಕೆಳಗೆ ಅವನು ಹೆಬ್ಬೆಟ್ಟು ಒತ್ತಿದ. ಆ ಹೊತ್ತಿನಲ್ಲೂ ನನ್ನ ಒಳಗೆ ಇದ್ದದ್ದು ಬರಿಯ ನಾಚಿಕೆಯಲ್ಲ, ಹೊಟ್ಟೆಕಿಚ್ಚೇ. ಅಷ್ಟು ದೊಡ್ಡ ಮನಸ್ಸು ಕೂಡ ಅವನಿಗೇ ಇರಬೇಕಿತ್ತೇ ಅಂತ. ಅಂಥ ಹೀನ ಮನುಷ್ಯ ನಾನು.

ಗಿಡ ಒಣಗಿಸಿದ ಆ ಹಾಳೆಯನ್ನು ನಾನು ಯಾರಿಗೂ ಕಳಿಸಲಿಲ್ಲ. ಸುಡಲೂ ಇಲ್ಲ. ಮುಂದೆ ಮಳೆಗಾಲ ಬಂದಾಗೆಲ್ಲ ಅವನು ಆ ಬಂಡೆಯ ಸುತ್ತ ಹುಡುಕುತ್ತಿದ್ದನಂತೆ. ಇನ್ನೊಂದು ಸಿಗಲಿಲ್ಲ. ಒಂದು ಇದ್ದಲ್ಲಿ ಒಂದೇ ಇತ್ತು.

ಹದಿನೈದು ದಿನಕ್ಕೆ ಮೇಡಂ ಉತ್ತರ ಬಂತು. ಅದು ಎಂದಿನಂತೆ ಅವನ ಹೆಸರಿಗೆ, ನನ್ನ ಕೇರಾಫ್. ಅವನು ಬಂದು ಕೂತ. ಒಡೆದು ಓದಿದೆ. ಓದುವಾಗ ಒಂದು ಪದವನ್ನೂ ಹಿಂದೆ ಮುಂದೆ ಮಾಡಲಿಲ್ಲ, ಅವತ್ತು ಮಾಡಲು ಬಹಳ ಮನಸ್ಸಿತ್ತು.

"ಪತ್ರ ಓದಿ ಅಳು ಬಂತು. ಆದರೆ ನಿಮ್ಮ ತಪ್ಪೇನಿಲ್ಲ, ಹಗಲು ರಾತ್ರಿ ಯಾರು ತಾನೇ ಕಾಯಕ್ಕಾಗತ್ತೆ? ಹಂದಿ ಮೇಲೂ ಸಿಟ್ಟು ಮಾಡ್ಕೋಬೇಡಿ. ಅದಕ್ಕೇನು ಗೊತ್ತು, ಅದು ಎಂಥ ಗಿಡ ಅಂತ."

ಅಲ್ಲಿಗೆ ಪತ್ರವನ್ನು ಮಡಚಲು ಹೋದೆ. ಅವನು ನನ್ನ ಕಡೆ ನೋಡಲಿಲ್ಲ. ರಸ್ತೆಯ ಕಡೆ ನೋಡುತ್ತಾ ಕೂತಿದ್ದ.

"ಮುಂದ ಓದ್ರಿ" ಅಂದ.

ಮುಂದೆ ಇದ್ದದ್ದು ಒಂದೇ ಸಾಲು. ಮೇಷ್ಟ್ರಿಗೆ ನಮಸ್ಕಾರ ಅಂತ. ಅದನ್ನೂ ಓದಿದೆ.